ಬೀಗರು ಬಂದಾಗ ಮುಚ್ಚಿದ ಕಿಟಕಿ

ಪಶು ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಅತ್ತೆ, ಸೊಸೆ ಕೂತಿದ್ದರು. ಸೊಸೆಯ ಕಾಲ ಬಳಿ ಪುಟ್ಟ ಕರು ಮಲಗಿ ಕೆಮ್ಮುತ್ತಿತ್ತು.

“ಕೊಟ್ಟಿಗೆ ಕಿಟಕಿಗೆಲ್ಲ ಗೋಣಿಚೀಲ ಯಾಕೆ ಬಡಿದ್ರಿ ಅತ್ತೆ?”

“ನಿಮ್ಮಪ್ಪ ಬರ್ತಿದ್ರಲ್ಲ. ಬೀಗರ ಮೂಗಿಗೆ ಗಂಜಲದ ನಾತ ಹೊಡೀಬಾರದು ಅಂತ.”

“ನಮ್ಮಪ್ಪನೂ ಹಸು ಸಾಕಿದೋರೇ ಅಲ್ವಾ?”

“ಮರ್ಯಾದೆ ಪ್ರಶ್ನೆ ಕಣೇ.”

“ಅವರು ಹೋದ್ಮೇಲಾದ್ರೂ ತೆಗೀಬಹುದಿತ್ತು.”

“ಮನೆಯೊಳಗೆ ನಾತ ಬರ್ತಿರಲಿಲ್ಲ. ಹಾಯಾಗಿತ್ತು, ಹಾಗೇ ಬಿಟ್ಟೆ.”

“ನಾತವೆಲ್ಲ ಕೊಟ್ಟಿಗೇಲೇ ತುಂಬ್ಕೊಳ್ತು. ಕಣ್ಣುರಿಯೋ ಆ ಗಾಳೀನೆಲ್ಲ ಈ ಕರು ಉಸಿರಾಡ್ತು.”

ಅತ್ತೆ ಸೆರಗಿನಿಂದ ಕರುವಿನ ಮೂಗು ಒರೆಸಿದರು.

ಒಳಗಿನಿಂದ ಡಾಕ್ಟರು ಕರೆದರು.

“ಚಳಿ ಅಂತ ಮುಚ್ಚಿದ್ವಿ ಅಂತೀನಿ. ನೀವು ಸುಮ್ನಿರಿ ಅತ್ತೆ.”

“ಬೇಡ. ಬೀಗರ ಮುಂದೆ ಉಳಿಸ್ಕೊಂಡ ಮರ್ಯಾದೆ ಈ ಕರುವಿನ ಮುಂದೆ ಹೋಯ್ತು. ನಿಜ ನಾನೇ ಹೇಳ್ತೀನಿ, ನೀನು ಕರು ಎತ್ಕೋ.”