ಪ್ಲಾಟೋನನಿಗೆ ದಾಟದ ಕೊಂಬು

ನಮ್ಮ ಗಣರಾಜ್ಯದ ಪಕ್ಷದ ಹೊಸ ಮುಖ್ಯಸ್ಥರೂ ಈ ಸಭೆಯ ಅಧ್ಯಕ್ಷರೂ ಆದ ಕಾಮ್ರೇಡ್ ಅರ್ಚಿಲ್ ಅವರೇ, ವೇದಿಕೆಯ ಗಣ್ಯರೇ, ಕೈ ತೊಳೆದುಕೊಂಡು ನಮ್ಮ ಕಾಖೇತಿ ಸೀಮೆಯ ದ್ರಾಕ್ಷಿತೋಟಗಳಿಂದ ನೇರವಾಗಿ ಬಂದಿರುವ ಸಭಿಕರೇ,

ನನ್ನನ್ನು, ಈ ಗ್ರಿಗೋಲನನ್ನು, ಜಿಲ್ಲಾ ಕಾರ್ಯದರ್ಶಿ ಮಾಡಿ ಸನ್ಮಾನಿಸುತ್ತಿದ್ದೀರಿ. ಅದಕ್ಕೆ ಪ್ರತಿಯಾಗಿ ಒಂದೇ ಒಂದು ಪ್ರಶ್ನೆಗೆ ಸಭೆಯಲ್ಲೇ ಉತ್ತರ ಕೊಡು ಎಂದು ಕಾಮ್ರೇಡ್ ಅಪ್ಪಣೆ ಮಾಡಿದ್ದಾರೆ: ಸೆರೆಯಲ್ಲಿರುವ ಪ್ಲಾಟೋನನ ತಂಗಿ ನಾತೆಲಾ, ಅಂದರೆ ನನ್ನ ಹೆಂಡತಿ, ಇನ್ನು ನನ್ನ ಮನೆಯಲ್ಲಿ ಇರುತ್ತಾಳೋ ಇಲ್ಲವೋ? ಹೇಳುತ್ತೇನೆ, ಅವಸರವೇನು?

ನಾನೇನು ಪಂಡಿತನೇ? ವೀರನೇ? ಯುದ್ಧಕಾಲದಲ್ಲಿ ನನಗೆ ಕಾಲುನೋವಿತ್ತು. ನಗಬೇಡಿ, ನಿಜವಾಗಿಯೂ ಇತ್ತು! ನಾನು ಬಲ್ಲದ್ದು ಒಂದೇ ವಿದ್ಯೆ. ಔತಣದ ಮೇಜಿಗೆ ಯಜಮಾನನಾಗಿ ನಿಂತು, ಹಾರೈಕೆ ನುಡಿದು, ದ್ರಾಕ್ಷಾರಸ ತುಂಬಿದ ಕೊಂಬನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವುದು. ಕೊಂಬು ಬಂದವನು ಎದ್ದು ಮಾತಾಡಬೇಕು. ಕೊಂಬು ಬಾರದವನು ಮೇಜಿನಲ್ಲಿ ಇದ್ದೂ ಇಲ್ಲದ ಹಾಗೆ; ಅವನ ಗತಿ ನಿಮಗೆ ಹೇಳಬೇಕೇ?

ಹೋದ ಸುಗ್ಗಿಯ ಔತಣದಲ್ಲಿ ಒಂದೇ ಮೇಜಿಗೆ ಇಬ್ಬರು ನಾಯಕರು, ಕಾಮ್ರೇಡ್ ಅರ್ಚಿಲ್ ಮತ್ತು ಪ್ಲಾಟೋನ್. ಪಕ್ಷ ಯಾರ ಕೈಗೆ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಕಾಮ್ರೇಡ್ ನನ್ನ ಕಿವಿಯಲ್ಲಿ, "ನಿನ್ನ ಭಾವನಿಗೆ ಗಂಟಲು ಕೆಟ್ಟಿದೆಯಂತೆ ಕಣಯ್ಯ, ಮಾತಾಡಿಸಿ ಸುಸ್ತು ಮಾಡಬೇಡ" ಅಂದರು. ಎಂಥ ಕಾಳಜಿ! ಮೇಜಿನ ಸುತ್ತ ಎಲ್ಲರಿಗೂ ಕೊಂಬು ದಾಟಿಸಿದೆ, ಪ್ಲಾಟೋನನಿಗೆ ಮಾತ್ರ ಇಲ್ಲ. ಸುಟ್ಟ ಮಾಂಸ ಬಡಿಸುವ ಹೊತ್ತಿಗೆ ಅವನ ಅಕ್ಕಪಕ್ಕದ ಕುರ್ಚಿಗಳು ಖಾಲಿಯಾಗಿದ್ದವು. ಅವನು ನಕ್ಕು, "ಏನೋ ಗ್ರಿಗೋಲ್, ನಿನ್ನ ಮದುವೇಲಿ ಮೇಜಿನ ಯಜಮಾನ ನಾನೇ ಅಲ್ವೇನೋ?" ಅಂದ. ಹೌದು, ಅವನೇ. ಚೆನ್ನಾಗಿ ನಡೆಸಿಕೊಟ್ಟಿದ್ದ, ಪುಣ್ಯಾತ್ಮ. ವಾರದೊಳಗೆ ಅವನನ್ನು ರಾಜಧಾನಿಗೆ ಹಿಡಿದುಕೊಂಡು ಹೋದರು.

ಇನ್ನು ಆ ಪ್ರಶ್ನೆ. ಅಕ್ರೋಟು ಅರೆದು ತುಂಬಿದ ನಾತೆಲಾಳ ಬದನೆಕಾಯಿಯನ್ನು ಇಷ್ಟು ವರ್ಷ ತಿಂದ ಬಾಯಿ ಇದು. ಇರುತ್ತಾಳೆ ಎನ್ನಲು ಎದೆಗಾರಿಕೆ ಬೇಕು. ಇಲ್ಲ ಎನ್ನಲು ಕಲ್ಲೆದೆ ಬೇಕು. ನನ್ನಲ್ಲಿ ಎರಡೂ ಇರಲಿಲ್ಲ. ಆದರೆ ನನ್ನ ಅದೃಷ್ಟ ನೋಡಿ! ಈ ಬೆಳಿಗ್ಗೆ ಅವಳೇ ಬುಟ್ಟಿಯಲ್ಲಿ ರೊಟ್ಟಿ, ಚೀಸ್, ಅಣ್ಣನಿಗೆ ಉಣ್ಣೆಯ ಕಾಲುಚೀಲ ಎಲ್ಲ ತುಂಬಿಕೊಂಡಳು. "ಜೈಲಿನ ಬಾಗಿಲಲ್ಲಿ ಸಾಲು ನಿಲ್ಲೋಕೆ ಹೋಗ್ತಿದೀನಿ. ನೀನು ಭಾಷಣ ಚೆನ್ನಾಗಿ ಮಾಡು. ಹೆಂಡ್ತೀನ ಬಿಟ್ಟೆ ಅಂತ ಹೇಳೋ ಕಷ್ಟ ನಿಂಗೆ ಬೇಡ, ನಾನೇ ನಿನ್ನ ಬಿಟ್ಟಿದೀನಿ" ಅಂದಳು.

ಉತ್ತರ ಸಿಕ್ಕಿತಲ್ಲ ಕಾಮ್ರೇಡ್? ನನಗೂ ನೆಮ್ಮದಿ. ಸಮಾರಂಭ ಎಷ್ಟು ಹೊತ್ತು ಬೇಕಾದರೂ ನಡೆಯಲಿ, ಮನೆಯಲ್ಲಿ ನನ್ನ ದಾರಿ ಕಾಯುವವರು ಯಾರೂ ಇಲ್ಲ. ತಾಳ್ಮೆಯಿಂದ ಕೂತು ಕೇಳಿದ ನಿಮ್ಮೆಲ್ಲರಿಗೂ ಋಣಿ. ನಮಸ್ಕಾರ.