ಮೂರು ಹಿಡಿ ಮಣ್ಣು

ಸಿಂದಗಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ಅಕ್ಕ-ತಮ್ಮ ತಂದೆಯ ಗೋರಿಗೆ ಹೂವು ಒಯ್ಯುತ್ತಿದ್ದರು.

“ಇನ್ನ ಐತವಾರ ಅಷ್ಟ ಮೊಬೈಲಿನ್ಯಾಗ ರೊಕ್ಕ ಹಚ್ಚಿ ಕ್ರಿಕೆಟ್ ಟೀಮ್ ಕಟ್ತೇನಿ, ಆಪಾ.”

“ಪೂರಾ ಬಿಡಾಕ ಆಗಂಗಿಲ್ಲೇನು, ಫಯಾಜ?”

“ಒಮ್ಮಿಗೇ ಬಿಟ್ಟರ ಕೈ ಸುಮ್ನಿರಂಗಿಲ್ಲ.”

“ಎಲ್ಲಾರೂ ಅಬ್ಬಾಗ ಮೂರ ಹಿಡಿ ಮಣ್ಣ ಕೊಟ್ರಂತ. ನೀ ಖಬರಸ್ತಾನದ ಬಾಗಿಲದಾಗ ಮೊಬೈಲ್ ಹಿಡಕೊಂಡ ನಿಂತಿದ್ದೆಂತ.”

“ಮ್ಯಾಚಿನ ಟಾಸ್ ಆಗಿತ್ತು. ನನ್ನ ಟೀಮಿನ ಕ್ಯಾಪ್ಟನ್ ಬದಲ ಮಾಡಿ ಬರೂದ್ರಾಗ ಗೋರಿ ಮುಚ್ಚಿದ್ರು.”

ಅವಳು ಚೀಲದೊಳಗಿನ ಹೂವಿನ ಮೇಲೆ ನೀರು ಚಿಮುಕಿಸಿದಳು.

“ಅಬ್ಬಾಗ ನನ್ನ ಮ್ಯಾಲ ಸಿಟ್ಟಿತ್ತೇನು, ಆಪಾ?”

“ಇಲ್ಲ. ದವಾಖಾನಿಯೊಳಗ ಕಡೀಕ ಅವರು ಕೇಳಿದ್ದು ನಿನ್ನ ಟೀಮಿಂದ. ‘ಫಯಾಜನ ಟೀಮ್ ಗೆದ್ದೈತೇನು?’ ಅಂದ್ರು.”

“ನೀ ಏನ್ ಹೇಳಿದಿ?”

ಕನ್ನೊಳ್ಳಿ ಬಸ್ಸು ಬಂತು. ಅವಳು ಹೂವಿನ ಚೀಲ ಎತ್ತಿಕೊಂಡಳು.

“ಗೆದ್ದೈತಿ ಅಂದ್ನಿ.”

ಆಕೆ ಬಸ್ ಹತ್ತಿದಳು. ಅವನಿಗೆ ಕೂಡಲೇ ಏಳಲಾಗಲಿಲ್ಲ.