ಕನ್ನಡದಲ್ಲಿ ಎಣಿಸಿದ ತಾಳ

ವಡೋದರಾದಲ್ಲಿ ಅಹಮದಾಬಾದ್ ಬಸ್ಸಿಗೆ ಕಾಯುವ ಸರದಿ. ನನ್ನ ಮುಂದೆ ಯಾರೋ ಅತ್ತಿಗೆ, ಮೈದುನ ಕನ್ನಡದಲ್ಲಿ ಜಗಳವಾಡುತ್ತಿದ್ದರು.

“ಅತ್ತಿಗೆ, ಇವತ್ತು ಅಣ್ಣನ ಶ್ರದ್ಧಾಂಜಲಿ ಸಭೆ. ಅಲ್ಲಿಗೆ ಬರೋ ಕ್ಯಾಸೆಟ್ ಕಂಪನಿ ಮಾಲೀಕರ ಮೇಲೆ ರೇಗಬೇಡಿ.”

“ನಾನೂರು ಗರ್ಬಾ ಹಾಡಿನ ಕ್ಯಾಸೆಟ್ ಮಾಡಿದ್ದು ನಿಮ್ಮಣ್ಣ. ಈಗ ಅವುಗಳ ಮೇಲೆ ನಿರ್ಮಾಪಕ ಅಂತ ಯಾರ ಹೆಸರು ಹಾಕಿದ್ದಾರೆ?”

“ಮಾಲೀಕರ ಮಗನದು. ಅಣ್ಣನ ಹೆಸರು ಮೊದಲೂ ಇರಲಿಲ್ಲವಲ್ಲ, ಸಾಕ್ಷಿ ಎಲ್ಲಿದೆ?”

“ಕ್ಯಾಸೆಟ್‌ನಲ್ಲಿ ಅವರ ದನಿ ಇದೆ! ಪ್ರತಿ ಹಾಡಿಗೂ ಮೊದಲು ವಾದ್ಯದವರಿಗೆ ‘ಒಂದು, ಎರಡು, ಮೂರು’ ಅಂತ ಎಣಿಸ್ತಿದ್ರು. ಅದನ್ನ ಅಳಿಸೋಕೂ ಆ ಕಳ್ಳರಿಗೆ ಪುರಸೊತ್ತಾಗಿಲ್ಲ.”

“ವೇದಿಕೆ ಮೇಲೆ ಏನು ಮಾತಾಡ್ತೀರಿ?”

“ಮಾತಾಡಲ್ಲ. ಕ್ಯಾಸೆಟ್ ಹಾಕ್ತೀನಿ. ಆಮೇಲೆ ಆ ಮಗನ ಕೈಗೆ ಮೈಕ್ ಕೊಟ್ಟು, ಕನ್ನಡದಲ್ಲಿ ಹತ್ತರವರೆಗೆ ಎಣಿಸಪ್ಪ ಅಂತೀನಿ.”

ಬಸ್ಸು ಬಂತು. ಮೈದುನ ಅತ್ತಿಗೆಯ ಕೈಯಲ್ಲಿದ್ದ ಟೇಪ್ ರೆಕಾರ್ಡರನ್ನು ತಾನೇ ಜೋಪಾನವಾಗಿ ತೆಗೆದುಕೊಂಡು ಮೊದಲು ಹತ್ತಿದ.